ನಾನು ಕಾಣದ ಮುಂಬಯಿಯನ್ನು ತೋರಿಸಿದ್ದು

ನನ್ನ ಮಾವನವರು ಅಫಜಲಪುರದ ಹತ್ತಿರದ ಜಮೀನುದಾರರು. ಮಾತು ಕಡಿಮೆ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡದ್ದನ್ನು ನಾನು ಕಂಡಿಲ್ಲ. ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ಅವರು ಆಳಂದದ ನಮ್ಮ ಬಾಡಿಗೆ ಮನೆಗೆ ಬಂದರು. ಕೈಕಾಲು ತೊಳೆದು, ಜಮಖಾನೆಯ ಮೇಲೆ ಕೂತು, ಅಂಗಿಯ ಜೇಬಿನಿಂದ ಮಡಚಿದ ಕರಪತ್ರವೊಂದನ್ನು ತೆಗೆದು ನನ್ನ ಮುಂದೆ ಹಿಡಿದರು. ‘ಇಂಗ್ರೇಜರ ಕಾಲದ ಮುಂಬಯಿ, ಹುಲಿಗಳ ಅಡವಿ: ಒಂಬತ್ತು ದಿನಗಳ ಬಸ್ ಪ್ರವಾಸ’ ಎಂದು ಅದರ ಮೇಲೆ ದಪ್ಪ ಅಕ್ಷರಗಳಲ್ಲಿ ಅಚ್ಚಾಗಿತ್ತು. ಒಂದು ಮೂಲೆಯಲ್ಲಿ ಗೋಪುರ, ಇನ್ನೊಂದು ಮೂಲೆಯಲ್ಲಿ ಬೆಕ್ಕಿನಂತೆ ಕಾಣುವ ಹುಲಿ.

“ಬಸ್ಸಿನಾಗ ಅರ್ಧ ಸೀಟು ನಮ್ಮ ಮಂದೀನೇ ಹಿಡದಾರ. ಉಳದದ್ದು ಆಳಂದದವರು, ಜೇವರ್ಗಿಯವರು. ಬಸ್ಸಿನವನ ಗೈಡ್ ಬರೇ ಮರಾಠಿ ಮಾತಾಡ್ತಾನಂತ. ನಾ ಹೇಳಿಬಿಟ್ಟೆ, ನಮಗ ಗೈಡ್ ಬ್ಯಾಡ, ನಮ್ಮ ಅಳಿಯಾರು ಬೊಂಬಾಯಿದಾಗೇ ಓದ್ಯಾರ, ಅವರೇ ಎಲ್ಲಾ ತೋರಸ್ತಾರ ಅಂತ. ಹೌದಿಲ್ರಿ ಅಳ್ಯಾರ?”

“ಹೌದ್ರಿ ಮಾವಾರ” ಅಂದೆ.

ನಾನು ಮುಂಬಯಿಯನ್ನು ನೋಡಿರಲಿಲ್ಲ. ಒಂದು ಸಲವೂ ನೋಡಿರಲಿಲ್ಲ.

ನಮ್ಮದು ಆಳಂದ ತಾಲ್ಲೂಕಿನ ಮಟಕಿ. ಪಿಯುಸಿ ಮುಗಿದ ಮೇಲೆ ಮುಂಬಯಿಯ ಕಾಲೇಜೊಂದಕ್ಕೆ ಅರ್ಜಿ ಹಾಕಿದ್ದು ನಿಜ. ಟ್ರಂಕು ಹೊತ್ತುಕೊಂಡು ಹೊರಟದ್ದೂ ನಿಜ. ಸೊಲ್ಲಾಪುರದಲ್ಲಿ ಇಳಿದು ದೂರದ ನೆಂಟರ ಮನೆಯಲ್ಲಿ ಒಂದು ರಾತ್ರಿ ತಂಗಿದಾಗ, ಸೀಟು ಸಿಕ್ಕಿಲ್ಲವೆಂಬ ಕಾಗದ, ಊರಲ್ಲಿ ಯಾರೂ ಒಡೆದು ನೋಡದ ಲಕೋಟೆಯಲ್ಲಿ, ನನ್ನ ಬೆನ್ನಿಗೇ ಬಂತು. ಮರಳಿ ಹೋಗಲು ನಾಚಿಕೆಯಾಗಿ ಅಲ್ಲೇ ಒಂದು ನೂಲಿನ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ನಿಂತೆ. ಡಿಗ್ರಿಯನ್ನು ಹೊರಗಿನಿಂದ ಪರೀಕ್ಷೆ ಬರೆದು ಮುಗಿಸಿದೆ. ಊರಿನವರು ನಾನು ಮುಂಬಯಿಯಲ್ಲಿದ್ದೇನೆ ಎಂದುಕೊಂಡಿದ್ದರು. ಅದನ್ನು ನಾನು ಕಟ್ಟಿದ್ದಲ್ಲ, ಆದರೆ ಕೆಡವಲೂ ಇಲ್ಲ. ಹೆಣ್ಣು ನೋಡಲು ಹೋದ ದಿನ ನನ್ನ ಸೋದರಮಾವ, “ಹುಡುಗ ಬೊಂಬಾಯಿದಾಗ ಓದಿದಾಂವ” ಎಂದು ಎಲ್ಲರ ಮುಂದೆ ಹೇಳಿದ. ಮಾವನವರು ನನ್ನ ಕಡೆ ನೋಡಿದರು. ನಾನು ತಲೆ ಬಗ್ಗಿಸಿ ಅವಲಕ್ಕಿ ತಿನ್ನುತ್ತಿದ್ದೆ. ಮದುವೆಯಾಗಿ ಆಗಲೇ ಆರು ವರ್ಷ. ಆಳಂದದ ಹೈಸ್ಕೂಲಿನಲ್ಲಿ ಇತಿಹಾಸ ಹೇಳುವ ನನ್ನನ್ನು ಮಕ್ಕಳು ‘ಬೊಂಬಾಯಿ ಮಾಸ್ತರ’ ಎಂದೇ ಕರೆಯುತ್ತಿದ್ದರು.

ಪ್ರವಾಸಕ್ಕೆ ಇನ್ನೂ ಮೂರು ವಾರವಿತ್ತು. ಗುಲಬರ್ಗಾದ ಗ್ರಂಥಾಲಯದಿಂದ ಹಳೆಯ ಪುಸ್ತಕವೊಂದನ್ನೂ ಮಡಚುವ ನಕ್ಷೆಯನ್ನೂ ತಂದೆ. ಶಾಲೆಯ ಉತ್ತರಪತ್ರಿಕೆಗಳ ನಡುವೆ ಇಟ್ಟುಕೊಂಡು ಪಾಠದ ಹಾಗೆ ಬಾಯಿಪಾಠ ಮಾಡಿದೆ. ಹೆಂಡತಿ ಚಹಾ ತಂದರೆ ಮೇಲೆ ಒಂದು ಉತ್ತರಪತ್ರಿಕೆ ಎಳೆದುಕೊಳ್ಳುತ್ತಿದ್ದೆ. ಜ್ವರ ಬರಲಿ ಎಂದು ಬಯಸಿದೆ. ಬರಲಿಲ್ಲ.

ಹೊರಟ ಬೆಳಿಗ್ಗೆ ಬಸ್ಸು ಮೊದಲು ಜಿಡಗಾ ಮಠಕ್ಕೆ ಹೋಗಿ ನಿಂತಿತು. ಎಲ್ಲರೂ ವಿಭೂತಿ ಹಚ್ಚಿಕೊಂಡು ಬಂದು ಕೂತ ಮೇಲೆ ಡ್ರೈವರ್ ನನ್ನ ಕೈಗೆ ಮೈಕು ಕೊಟ್ಟ. ಅವನ ಸೀಟಿನ ಹಿಂದೆ, ನಾನು ನಿಲ್ಲುವ ಜಾಗಕ್ಕೆ ಅಂಟಿಕೊಂಡಂತೆ, ಅರವತ್ತು ದಾಟಿದ ಒಬ್ಬ ಹೆಂಗಸು ಕೂತಿದ್ದಳು. ಜೇವರ್ಗಿ ತಾಲ್ಲೂಕಿನ ಕೊಳಕೂರಿನವಳು. ಮಗ ದನದ ಡಾಕ್ಟರ್. ಸೊಸೆಯ ಅಣ್ಣ ಜೇವರ್ಗಿಯಲ್ಲಿ ಬಟ್ಟೆ ವ್ಯಾಪಾರಿ, ಹೆಂಡತಿಯ ಜೊತೆ ಅದೇ ಬಸ್ಸಿನಲ್ಲಿದ್ದ. ಅವನು ತನ್ನ ತಾಯಿಗೆಂದು ಹಿಡಿದಿದ್ದ ಸೀಟು, ತಾಯಿಗೆ ಮೈಯಲ್ಲಿ ಹುಷಾರಿಲ್ಲದ್ದರಿಂದ ಈಕೆಗೆ ಬಂದಿತ್ತು. ಕಾಲ ಬಳಿ ರೊಟ್ಟಿಯ ಗಂಟು, ಶೇಂಗಾ ಹಿಂಡಿಯ ಡಬ್ಬಿ. ನಾವೆಲ್ಲ ಆಕೆಯನ್ನು ಆಯಿ ಎನ್ನುತ್ತಿದ್ದೆವು.

ಸೊಲ್ಲಾಪುರದಲ್ಲಿ ಚಹಾಕ್ಕೆ ಬಸ್ಸು ನಿಂತದ್ದು ನಾನು ಕೆಲಸ ಮಾಡಿದ ನೂಲಿನ ಅಂಗಡಿಯ ಮುಂದಿನ ತಿರುವಿನಲ್ಲೇ. ಎಲ್ಲರೂ ಇಳಿದರು. ನಾನು ತಲೆನೋವೆಂದು ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಸೀಟಿನಲ್ಲಿ ಕುಸಿದು ಕೂತೆ. ಕಿಟಕಿಯಾಚೆ ನನ್ನ ಹಳೆಯ ಮಾಲೀಕರ ಕೆಮ್ಮು ಕೇಳಿಸಿತು. ಅವರು ಕತ್ತೆತ್ತಿ, “ಅರೆ, ಮಟಕಿಯವನಲ್ಲವೇನೋ” ಎಂದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಅನ್ನಲಿಲ್ಲ. ಟವೆಲ್ಲು ತೆಗೆದಾಗ ಬಸ್ಸು ಊರು ದಾಟಿತ್ತು. ಆಯಿ ನನ್ನನ್ನೇ ನೋಡುತ್ತಿದ್ದಳು.

ಮುಂಬಯಿಯಲ್ಲಿ ಮೊದಲ ಬೆಳಿಗ್ಗೆ ಬಸ್ಸು ಒಂದು ದೊಡ್ಡ ಚೌಕದ ಹತ್ತಿರ ಬಂತು. ಪುಸ್ತಕದಲ್ಲಿದ್ದ ಕಪ್ಪುಬಿಳುಪು ಚಿತ್ರದಂಥದ್ದೇ ಕಲ್ಲಿನ ಕಟ್ಟಡ, ಗುಮ್ಮಟ, ಚೂಪು ಕಮಾನುಗಳು ಎಡಗಡೆ ಕಂಡವು. ನಾನು ಮೈಕು ಬಾಯಿಗಿಟ್ಟು, “ಇದೇ ವಿ.ಟಿ. ರೇಲ್ವೆ ಸ್ಟೇಷನ್. ಇಂಗ್ರೇಜರು ತಮ್ಮ ರಾಣಿಯ ಹೆಸರಿಟ್ಟು ಕಟ್ಟಿಸಿದ್ದು” ಎಂದು ಶುರುಮಾಡಿದೆ. ಎಲ್ಲ ತಲೆಗಳೂ ಎಡಕ್ಕೆ ತಿರುಗಿದವು.

ಹಿಂದಿನಿಂದ, ನನಗಷ್ಟೇ ಕೇಳುವ ಹಾಗೆ, ಆಯಿಯ ದನಿ ಬಂತು. “ಮಾಸ್ತರ್ರೀ, ಅದು ಮುನಸಿಪಾಲ್ಟಿ. ಸ್ಟೇಷನ್ ಈ ಬಾಜೂಕ ಅದ.”

“ಅದರ ಎದುರಿಗೆ, ಬಲಕ್ಕೆ ನೋಡ್ರಿ” ಎಂದೆ ಮೈಕಿನಲ್ಲಿ. “ಎರಡೂ ಒಂದೇ ನಮೂನಿ ಕಾಣಸ್ತಾವ. ಎಡಕ್ಕಿರೋದು ಮುನಸಿಪಾಲ್ಟಿ. ಹೊಸಬರು ಮೋಸ ಹೋಗೋದು ಇಲ್ಲೇ.”

ಜನ ನಕ್ಕರು. ಮಾವನವರು ಪಕ್ಕದವರ ಕಡೆ ತಿರುಗಿ, “ಗೊತ್ತಿದ್ದವರು ಬೇಕು ನೋಡ್ರಿ” ಅಂದರು. ನನ್ನ ಹೆಂಡತಿ ಮೂರನೆಯ ಸೀಟಿನಲ್ಲಿ ಸೆರಗು ಸರಿಪಡಿಸಿಕೊಂಡು ಹೆಮ್ಮೆಯಿಂದ ಕೂತಿದ್ದಳು.

ಅಂದು ಇಡೀ ದಿನ ಹಾಗೇ ನಡೆಯಿತು. ಕೋರ್ಟು, ಗಡಿಯಾರದ ಗೋಪುರ, ಹಣ್ಣಿನ ಮಾರ್ಕೆಟ್ಟು, ಸಮುದ್ರದ ಅಂಚಿನ ಕಮಾನು. ಪ್ರತಿ ತಿರುವಿನಲ್ಲೂ ಹಿಂದಿನಿಂದ ಎರಡು ಮಾತು ಬರುತ್ತಿತ್ತು: “ಈಗ ಎಡಕ್ಕ”, “ಇದು ಕಾರಂಜಿ ಚೌಕ”, “ಅದು ಬ್ಯಾಂಕು, ಸುಮ್ಮನ ಬಿಡ್ರಿ”. ಯಾವ ವರ್ಷ, ಯಾವ ಗವರ್ನರ್, ಯಾವ ಕಲ್ಲು ಎಂಬುದನ್ನು ನಾನು ಪುಸ್ತಕದಿಂದ ಸೇರಿಸುತ್ತಿದ್ದೆ. ನನಗೆ ಬಿಡುಗಡೆ ಅನ್ನಿಸಲಿಲ್ಲ. ಗುಟ್ಟು ಒಬ್ಬರಿಗೆ ಗೊತ್ತಾಗಿತ್ತು. ಆಕೆ ಯಾವಾಗ, ಯಾರ ಮುಂದೆ ಬಾಯಿ ಬಿಡುತ್ತಾಳೋ ಎಂಬ ಹೆದರಿಕೆಯಲ್ಲಿ ಮಧ್ಯಾಹ್ನದ ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಸಂಜೆ ಎಲ್ಲರೂ ಸಮುದ್ರದ ಉದ್ದಕ್ಕೂ ಕಟ್ಟಿದ ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದರು. ನಾನು ಆಯಿಯ ಪಕ್ಕ ಹೋಗಿ ಕೂತೆ.

“ಆಯಿ, ನಿಮಗ ಇದೆಲ್ಲಾ ಹ್ಯಾಂಗ ಗೊತ್ತು?”

ನೀರಿನಾಚೆ, ದಂಡೆಯ ತುದಿಯಲ್ಲಿ ಎತ್ತರದ ಕಟ್ಟಡಗಳು ಗುಂಪಾಗಿ ನಿಂತಿದ್ದವು. ಅವುಗಳಲ್ಲಿ ಒಂದಕ್ಕೆ ಆಕೆ ಬೆರಳು ಮಾಡಿದಳು. “ಅದರ ಮ್ಯಾಲಿನ ಮಾಳಿಗಿ ತನಕ ನಾ ಗಾರೆ ಹೊತ್ತೇನಿ. ನಾನೂ ನನ್ನ ಗಂಡನೂ. ಹನ್ನೊಂದು ವರ್ಷ ಇದ್ದಿವ್ರಿ ಇಲ್ಲಿ. ಬಂದರದ ಗ್ವಾಡಿ ಬಾಜೂಕ ಫುಟ್‌ಪಾತಿನ ಮ್ಯಾಲ ಸಂಸಾರ. ಮಗ ಹುಟ್ಟಿದ್ದೂ ಅಲ್ಲೇ.”

“ನಿಮ್ಮ ಬೀಗರಿಗೆ…”

“ಗೊತ್ತಿಲ್ಲ. ನಮ್ಮವ್ವ ಕೊಳಕೂರ ಬಿಟ್ಟು ಹೊರಗ ಹೋದಾಕಿನೇ ಅಲ್ಲ, ಹೊಲ ನೋಡಿಕೊಂಡು ನನ್ನ ಓದಿಸ್ಯಾಳ ಅಂತ ಮಗ ಹೇಳ್ಯಾನ. ಹೆಣ್ಣು ಕೊಡೋವಾಗ ಹಂಗ ಹೇಳಬೇಕಾತು ಅವಂಗ. ನಾನೂ ಹೂಂ ಅಂದೆ.” ಸೆರಗಿನಿಂದ ಮುಖ ಒರೆಸಿಕೊಂಡಳು. “ನೀವು ಬೊಂಬಾಯಿ ನೋಡಿಲ್ಲ, ನೋಡೇನಿ ಅಂತೀರಿ. ನಾ ನೋಡೇನಿ, ನೋಡಿಲ್ಲ ಅಂತೇನಿ. ನಾ ಯಾರ ಮುಂದ ಹೇಳ್ಲಿ? ಅಂಜಬ್ಯಾಡ್ರಿ.”

ಆಮೇಲೆ, “ಒಂದು ಕೆಲಸ ಮಾಡ್ತೀರೇನು?” ಎಂದು ಕೇಳಿದಳು. ಮೂರನೆಯ ದಿನ ಬಸ್ಸು ಊರು ಬಿಡುವಾಗ ಬಂದರದ ಗೋಡೆಯ ಪಕ್ಕದ ರಸ್ತೆಯಲ್ಲೇ ಹೋಗುತ್ತದೆಂದು ಡ್ರೈವರನಿಂದ ತಿಳಿದುಕೊಂಡಿದ್ದಳು. ಅಲ್ಲಿ ಗೋಡೆಯ ಸಂದಿಯಿಂದ ಒಂದು ಅರಳಿಗಿಡ ಹುಟ್ಟಿದೆ, ಪಕ್ಕದಲ್ಲಿ ಒಂದು ನೀರಿನ ನಳ ಇದೆ, ಅಲ್ಲಿ ಐದು ನಿಮಿಷ ಬಸ್ಸು ನಿಲ್ಲಿಸಬೇಕು. “ಏನರ ಹೇಳಿ ನಿಂದರಸ್ರಿ. ನಾ ಕೆಳಗ ಸುದ್ದಾ ಇಳಿಯೋದಿಲ್ಲ. ಕಿಡಕ್ಯಾಗಿಂದ ನೋಡ್ತೇನಿ.”

“ನಿಲ್ಲಸ್ತೇನಿ ಆಯಿ” ಅಂದೆ. ಮನಸಾರೆ ಹೇಳಿದ್ದೆ.

ಎರಡನೆಯ ದಿನ ನಾನು ಪಳಗಿದ ಗೈಡನ ಹಾಗೆ ಮಾತಾಡಿದೆ. ಆಯಿ ಹಿಂದಿನಿಂದ ಪಿಸುಗುಟ್ಟುವುದು, ನಾನು ಮುಂದೆ ನಿಂತು ಹೇಳುವುದು ಒಂದೇ ಉಸಿರಿನಲ್ಲಿ ಆಗುತ್ತಿತ್ತು. ಅದೇ ಕುತ್ತಿಗೆಗೆ ಬಂತು. ಮಧ್ಯಾಹ್ನ ಮಾವನವರು ಎದ್ದು ನಿಂತು, “ಅಳ್ಯಾರ, ಎಲ್ಲಾ ತೋರಿಸಿದ್ರಿ. ನಿಮ್ಮ ಕಾಲೇಜ್ ಯಾಕ ತೋರಿಸ್ಲಿಲ್ಲ?” ಎಂದರು.

“ರಜಾ ಅದ್ರಿ ಮಾವಾರ. ಗೇಟು ಹಾಕಿರ್ತಾರ.”

“ಹಾಕಿರ್ಲಿ. ಹೊರಗಿಂದ ನೋಡೋಣು.”

ಬಸ್ಸಿನ ತುಂಬ ಹೌದು ಹೌದು ಎಂಬ ದನಿಗಳು. ನಾನು ಹಿಂದಕ್ಕೆ ತಿರುಗಿದೆ. ಆಯಿ ಕೈ ಅಲ್ಲಾಡಿಸಿದಳು. ಆಕೆಗೆ ಕಾಲೇಜುಗಳು ಗೊತ್ತಿರಲಿಲ್ಲ. ಮುಂದಿನ ರಸ್ತೆಯಲ್ಲಿ ಕಬ್ಬಿಣದ ದೊಡ್ಡ ಗೇಟೂ ಒಳಗೆ ಮರಗಳೂ ಕಂಡವು. “ಇದೇ” ಅಂದುಬಿಟ್ಟೆ. ಬಸ್ಸು ನಿಂತಿತು. ಎಲ್ಲರೂ ಇಳಿದರು. ಬೋರ್ಡಿನ ಮೇಲೆ ಮರದ ಕೊಂಬೆಯೊಂದು ಬಾಗಿತ್ತು. ಅದು ಕಾಲೇಜೋ, ಆಸ್ಪತ್ರೆಯೋ, ಯಾವುದೋ ಕಂಪನಿಯ ಕಚೇರಿಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಆಳಂದದ ವ್ಯಾಪಾರಿಯೊಬ್ಬರ ಹತ್ತಿರ ಕ್ಯಾಮೆರಾ ಇತ್ತು. ಮಾವನವರು ನನ್ನನ್ನು ಗೇಟಿನ ಮುಂದೆ ನಿಲ್ಲಿಸಿ, ಮಗಳನ್ನು ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆಸಿದರು. ಹೆಂಡತಿ ನನ್ನ ತೋಳು ಹಿಡಿದುಕೊಂಡು, “ಯಾವ ಖೋಲಿದಾಗ ಕೂಡ್ತಿದ್ರಿ?” ಎಂದು ಕೇಳಿದಳು. ಮರಗಳ ಆಚೆಗೆ ಕಂಡ ಒಂದು ಕಿಟಕಿಯನ್ನು ತೋರಿಸಿದೆ. ಅವಳು ಬಹಳ ಹೊತ್ತು ಆ ಕಿಟಕಿಯನ್ನೇ ನೋಡಿದಳು. ಆಗ ನನಗೆ ನನ್ನ ಮೇಲೆ ಹುಟ್ಟಿದ ಅಸಹ್ಯವನ್ನು ಇಷ್ಟು ವರ್ಷಗಳ ಮೇಲೂ ಬರೆಯಲು ಕಷ್ಟವಾಗುತ್ತದೆ.

ಮೂರನೆಯ ದಿನ ಬೆಳಿಗ್ಗೆ ಬಸ್ಸು ಬಂದರದ ರಸ್ತೆ ಹಿಡಿಯಿತು. ಕಪ್ಪು ಕಲ್ಲಿನ ಉದ್ದನೆಯ ಗೋಡೆ ಶುರುವಾಯಿತು. ಗೋಡೆಗೆ ಒರಗಿಸಿ ಕಟ್ಟಿದ ಜೋಪಡಿಗಳು, ಇಟ್ಟಿಗೆಯ ಒಲೆಗಳು, ಬಣ್ಣ ಹೋದ ಸೀರೆಯ ಮರೆಗಳು. ಮೈಕು ನನ್ನ ಕೈಯಲ್ಲೇ ಇತ್ತು. ಮಾವನವರು ಹಿಂದಿನ ದಿನದ ಸಂತೋಷದಲ್ಲಿ ನನ್ನ ಪಕ್ಕದಲ್ಲೇ ಬಂದು ನಿಂತಿದ್ದರು. “ಇಲ್ಲಿ ಏನ್ರಿ ಅಳ್ಯಾರ?” ಎಂದರು. “ಏನಿಲ್ರಿ, ಬಂದರ” ಅಂದೆ. ನಿಲ್ಲಿಸಿದರೆ ಯಾಕೆ ಎನ್ನುತ್ತಾರೆ. ಯಾಕೆ ಎಂದರೆ ಏನು ಹೇಳಲಿ? ಮೂರು ದಿನದಿಂದ ಏನೇನೋ ಕಟ್ಟಿ ಹೇಳಿದವನಿಗೆ ಐದು ನಿಮಿಷದ ಒಂದು ನೆಪ ಹುಟ್ಟಲಿಲ್ಲ.

ಅರಳಿಗಿಡ ಬಂತು. ಹೋಯಿತು. ನಳ ಇತ್ತೋ ಇಲ್ಲವೋ ನಾನು ನೋಡಲಿಲ್ಲ. ಆಯಿ ಕಿಟಕಿಯ ಸರಳು ಹಿಡಿದುಕೊಂಡು ಕತ್ತನ್ನು ಹಿಂದಕ್ಕೆ ಹೊರಳಿಸುತ್ತ ಹೋದಳು. ಗೋಡೆ ಮುಗಿದ ಮೇಲೂ ಹಾಗೇ ಕೂತಿದ್ದಳು. ಮುಂದಿನ ಎರಡು ದಿನ, ನಾಗಪುರದ ದಾರಿಯುದ್ದಕ್ಕೂ, ಆಕೆ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ರೊಟ್ಟಿ ಕೇಳಿದವರಿಗೆಲ್ಲ ಕೊಟ್ಟಳು, ನನಗೂ ಕೊಟ್ಟಳು.

ಅಡವಿ ಇದ್ದದ್ದು ಚಂದ್ರಪುರದ ಕಡೆ. ಅಲ್ಲಿ ನಾನು ಮತ್ತೆ ಉಸಿರಾಡಬಹುದು ಎಂದುಕೊಂಡಿದ್ದೆ. ಹುಲಿ ನೋಡಿದ್ದೇನೆ ಎಂದು ನಾನೆಲ್ಲೂ ಹೇಳಿರಲಿಲ್ಲ. ಅಲ್ಲಿನ ಕಾವಲುಗಾರ ಮರಾಠಿಯಲ್ಲಿ ಹೇಳುತ್ತಿದ್ದದ್ದನ್ನು ಕನ್ನಡದಲ್ಲಿ ಹೇಳುವುದಷ್ಟೇ ನನ್ನ ಕೆಲಸ. ಸೊಲ್ಲಾಪುರದ ಮರಾಠಿ ನನಗೆ ಚೆನ್ನಾಗಿ ಬರುತ್ತಿತ್ತು.

ಬಸ್ಸು ಒಳಗೆ ಹೋಗುವಂತಿರಲಿಲ್ಲ. ಕಿಟಕಿಗೆ ಜಾಳಿಗೆ ಹಾಕಿದ ಒಂದು ಹಳೆಯ ವ್ಯಾನು ಇತ್ತು. ಹತ್ತು ಹತ್ತು ಜನರಂತೆ ಸರದಿಯಲ್ಲಿ ಒಳಗೆ ಕರೆದೊಯ್ಯುತ್ತಿದ್ದರು. ಮೊದಲ ಗುಂಪುಗಳಿಗೆ ಜಿಂಕೆ, ನವಿಲು, ಒಂದೆರಡು ಕಾಡೆಮ್ಮೆ ಕಂಡವು. ಮಧ್ಯಾಹ್ನ ಮೂರರ ಹೊತ್ತಿಗೆ ನಮ್ಮ ಸರದಿ. ಮಾವನವರು, ಹೆಂಡತಿ, ಆಯಿ, ಜೇವರ್ಗಿಯ ಬಟ್ಟೆ ವ್ಯಾಪಾರಿ ಮತ್ತು ಅವನ ಹೆಂಡತಿ, ಮತ್ತೆ ಅಫಜಲಪುರದ ನಾಲ್ವರು ನೆಂಟರು. ಬಿಸಿಲಿಗೆ ಸಾಗವಾನಿ ಗಿಡಗಳು ಎಲೆ ಉದುರಿಸಿ ನಿಂತಿದ್ದವು. ಒಣಗಿದ ಹಳ್ಳವೊಂದನ್ನು ದಾಟುವಾಗ ವ್ಯಾನಿನ ಹಿಂದಿನ ಗಾಲಿ ಉಸುಕಿನಲ್ಲಿ ಕೂತುಬಿಟ್ಟಿತು. ಡ್ರೈವರ್ ಎಷ್ಟು ಎಬ್ಬಿಸಿದರೂ ಇನ್ನಷ್ಟು ಇಳಿಯಿತು.

ನಾವು ಗಂಡಸರು ಇಳಿದು ತಳ್ಳಲು ಎದ್ದೆವು. ಕಾವಲುಗಾರ ಬಾಗಿಲಿಗೆ ಕೈ ಅಡ್ಡ ಹಿಡಿದ. ಹಳ್ಳದ ತಿರುವಿನಲ್ಲಿ, ಮೂವತ್ತು ಹೆಜ್ಜೆ ದೂರದಲ್ಲಿ, ಬಂಡೆಯ ನೆರಳಿಗೆ ಒಂದಿಷ್ಟು ನೀರು ಉಳಿದಿತ್ತು. ಆ ನೀರಿಗೆ ಹೆಣ್ಣು ಹುಲಿಯೊಂದು ಹಿಂದುಹಿಂದಾಗಿ ಇಳಿದು, ಬೆನ್ನಿನ ತನಕ ಮುಳುಗಿ, ನಮ್ಮ ಕಡೆ ಮುಖ ಮಾಡಿ ಕೂತಿತು.

ಮೊದಲ ಹದಿನೈದು ನಿಮಿಷ ಎಲ್ಲರಿಗೂ ಜನ್ಮ ಸಾರ್ಥಕವಾದಂತೆ ಇತ್ತು. ಆಮೇಲೆ ಅದು ಏಳುವುದಿಲ್ಲ ಎಂದು ಗೊತ್ತಾಯಿತು. ಮರಿಗಳು ಹತ್ತಿರದಲ್ಲೇ ಇವೆ, ಯಾರೂ ಇಳಿಯಬಾರದು, ನಾವು ಬರುವುದು ತಡವಾದರೆ ಜೀಪು ಹುಡುಕಿಕೊಂಡು ಬರುತ್ತದೆ ಎಂದು ಕಾವಲುಗಾರ ಹೇಳಿದ. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಒಂದು ಗಂಟೆಯಾಯಿತು. ವ್ಯಾನಿನ ತಗಡು ಕಾದು ಹಂಚಿನಂತಾಯಿತು. ಗಾಜು ಇಳಿಸಲು ಯಾರಿಗೂ ಧೈರ್ಯವಿಲ್ಲ. ನೀರಿನ ಬಾಟಲಿ ಖಾಲಿಯಾಯಿತು. ಬಟ್ಟೆ ವ್ಯಾಪಾರಿಯ ಹೆಂಡತಿ ಅಳಲು ಶುರುಮಾಡಿದಳು. ಮಾವನವರ ಹಣೆಯ ವಿಭೂತಿ ಬೆವರಿನಲ್ಲಿ ಇಳಿದು ಹುಬ್ಬಿಗೆ ಬಂದಿತ್ತು. ಅವರು ಹೆದರಿದ್ದನ್ನು ನಾನು ಅಂದೇ ಮೊದಲು ನೋಡಿದ್ದು.

“ಅಳ್ಯಾರ, ಏನರ ಮಾತಾಡ್ರಿ” ಎಂದರು ಸಣ್ಣ ದನಿಯಲ್ಲಿ. “ಹೆಣ್ಣುಮಕ್ಕಳು ಗಾಬರಿ ಆಗ್ಯಾರ. ನಿಮ್ಮ ಕಾಲೇಜಿನ ದಿವಸದ್ದು ಹೇಳ್ರಿ. ಬೊಂಬಾಯಿದಾಗ ಹ್ಯಾಂಗಿದ್ರಿ, ಎಲ್ಲಿ ಉಣತಿದ್ರಿ, ಏನರ.”

ನಾನು ಬಾಯಿ ತೆರೆದೆ. ಪುಸ್ತಕದ ಪುಟಗಳು, ಗವರ್ನರುಗಳ ಹೆಸರುಗಳು ಎಲ್ಲ ಮುಗಿದಿದ್ದವು. ಹನ್ನೆರಡು ಜನರ ಉಸಿರು ತುಂಬಿದ ಆ ಡಬ್ಬಿಯಲ್ಲಿ, ಹುಲಿಗಿಂತ ಹೆಚ್ಚಾಗಿ ಮಾವನವರ ಆ ಕಾಯುವ ಕಣ್ಣುಗಳಿಂದ ಹೊರಗೆ ಓಡಬೇಕು ಅನ್ನಿಸಿತು. ಓಡಲು ಬಾಗಿಲೇ ಇರಲಿಲ್ಲ.

ಆಗ ಆಯಿ ಮಾತಾಡಿದಳು.

“ನಾ ಹೇಳ್ತೇನಿ ಬಿಡ್ರಿ. ನಾ ಬೊಂಬಾಯಿದಾಗ ಹನ್ನೊಂದು ವರ್ಷ ಇದ್ದೆ.”

ಬಟ್ಟೆ ವ್ಯಾಪಾರಿ ತಿರುಗಿ ನೋಡಿದ. ಆಕೆ ನಿಲ್ಲಿಸಲಿಲ್ಲ. ಗಂಡನ ಜೊತೆ ರೈಲು ಹತ್ತಿದ್ದು, ಗೋಡೆಯ ಪಕ್ಕ ಗೋಣಿಚೀಲ ಹಾಸಿದ್ದು, ಬೆಳಗಿನ ಜಾವ ನಳದ ಮುಂದೆ ಕೊಡ ಇಟ್ಟು ಸಾಲು ಹಿಡಿದದ್ದು. ಬಿದಿರಿನ ಏಣಿಯ ಮೇಲೆ ಗಾರೆಯ ಬುಟ್ಟಿ ಹೊತ್ತು ಹತ್ತುವಾಗ ಕೆಳಗೆ ನೋಡಬಾರದು, ಮುಂದಿನವಳ ಹಿಮ್ಮಡಿಯನ್ನಷ್ಟೇ ನೋಡಬೇಕು. ಹತ್ತನೆಯ ಮಾಳಿಗೆಯಲ್ಲಿ ಗಾಳಿ ಹೊಡೆದರೆ ಸೀರೆ ಹಾಯಿಯ ಹಾಗೆ ಉಬ್ಬಿ ಜೀವ ಹೋಗುತ್ತಿತ್ತು. “ಒಂಬತ್ತು ತಿಂಗಳು ತುಂಬೋ ತನಕ ಹತ್ತೇನಿ. ನಿಮ್ಮ ಮನಿ ಅಳಿಯ, ದನದ ಡಾಕ್ಟರು, ಹುಟ್ಟಿದ್ದು ಸಿಮಿಟಿನ ಚೀಲದ ಮ್ಯಾಲ” ಎಂದು ಬಟ್ಟೆ ವ್ಯಾಪಾರಿಯ ಮುಖ ನೋಡಿಯೇ ಹೇಳಿದಳು. “ಅವರಪ್ಪ ಅಲ್ಲೇ ಜ್ವರ ಬಂದು ಹ್ವಾದ. ಆಮ್ಯಾಲೂ ಮೂರು ವರ್ಷ ನಾ ಒಬ್ಬಾಕೀನೇ ಗಾರೆ ಹೊತ್ತು, ಮಗನ್ನ ಕಟಕೊಂಡು ಊರಿಗಿ ಬಂದೆ.”

ಅಳುತ್ತಿದ್ದವಳು ಅಳು ನಿಲ್ಲಿಸಿದ್ದಳು. ಹುಲಿ ಒಮ್ಮೆ ಆಕಳಿಸಿ ಮತ್ತೆ ತಲೆ ನೀರಿನ ಅಂಚಿಗೆ ಇಟ್ಟಿತು.

ಆಕೆ ನನ್ನನ್ನು ಉಳಿಸಲು ಹಾಗೆ ಮಾಡಿದಳೋ, ಇಲ್ಲ ಗೋಡೆಯ ಮುಂದೆ ನಿಲ್ಲದ ಬಸ್ಸಿನಿಂದ ಆಕೆಯ ಒಳಗೆ ಏನಾದರೂ ಒಡೆದಿತ್ತೋ ನನಗೆ ತಿಳಿಯದು. ಆದರೆ ಆಕೆಯ ನಂತರ ಸುಮ್ಮನೆ ಕೂರುವುದು ನನ್ನಿಂದ ಆಗಲಿಲ್ಲ.

“ಮಾವಾರ, ನಾ ಬೊಂಬಾಯಿದಾಗ ಓದಿಲ್ಲ” ಅಂದೆ. “ಈ ಸಲ ಬಿಟ್ರ ಬೊಂಬಾಯಿ ನೋಡೇ ಇಲ್ಲ. ಸೊಲ್ಲಾಪುರದಾಗ ನೂಲಿನ ಅಂಗಡ್ಯಾಗ ಇದ್ದೆ. ಅಲ್ಲಿ ಎಲ್ಲಾ ಹೇಳಿಕೊಟ್ಟಿದ್ದು ಈ ಆಯಿ.”

ಹೆಂಡತಿಯ ಕೈ ನನ್ನ ಕೈಯ ಪಕ್ಕದಲ್ಲಿತ್ತು. ಅವಳು ಅದನ್ನು ಎತ್ತಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು.

ಮಾವನವರು ಕೇಳಿದ್ದು ಇಷ್ಟೇ: “ಸೊಲ್ಲಾಪುರದಾಗ ಯಾವ ಓಣಿ?”

ಹೇಳಿದೆ. ತಲೆ ಅಲ್ಲಾಡಿಸಿದರು. ಆ ಓಣಿ ಅವರಿಗೆ ಗೊತ್ತಿತ್ತು.

ಹೊತ್ತು ಇಳಿಯುವ ಮುಂಚೆ ಹುಲಿ ಎದ್ದು, ಮೈ ಕೊಡವಿ, ಹಳ್ಳದ ಆಚೆ ಬಿದಿರಿನೊಳಗೆ ಹೋಯಿತು. ಇನ್ನಷ್ಟು ಹೊತ್ತಿಗೆ ಜೀಪು ಬಂದು ಹಗ್ಗ ಕಟ್ಟಿ ನಮ್ಮನ್ನು ಎಳೆಯಿತು. ಅಡವಿ ಇಲಾಖೆಯ ಬಂಗಲೆಯ ಹತ್ತಿರ ಉಳಿದವರೆಲ್ಲ ನಮ್ಮನ್ನು ಸುತ್ತುವರಿದು, ಹುಲಿ ಎಷ್ಟು ದೊಡ್ಡದಿತ್ತು, ಕಣ್ಣು ಹೇಗಿತ್ತು, ಪುಣ್ಯ ಮಾಡಿದ್ದೀರಿ ಎಂದು ಮೈಮುಟ್ಟಿ ಮಾತಾಡಿಸಿದರು. ನಾವು ಹತ್ತು ಜನ ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದೆವು.

ಮಾವನವರು ನನ್ನನ್ನು ಪಡಸಾಲೆಯ ಮೂಲೆಗೆ ಕರೆದರು. ಬೈಯುತ್ತಾರೆ ಎಂದು ತಯಾರಾಗಿ ಹೋದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

“ಆ ಗಾಡ್ಯಾಗ ಆಡಿದ್ದು ಆ ಗಾಡ್ಯಾಗೇ ಇರ್ಲಿ” ಎಂದರು. “ಬಸ್ಸಿನಾಗ ಮೂರು ತಾಲ್ಲೂಕಿನ ಮಂದಿ ಅದಾರ. ನಾ ಆರು ವರ್ಷದಿಂದ ಹೇಳಿಕೋತ ಬಂದೇನಿ. ಈಗ ನನ್ನ ಮಾತು ಸುಳ್ಳು ಮಾಡಬ್ಯಾಡ್ರಿ. ನಾಳಿ ಮೈಕು ನೀವೇ ಹಿಡೀರಿ.”

ಹಿಡಿದೆ. ಮರಳುವ ದಾರಿಯಲ್ಲಿ ಚಹಾ ಎಲ್ಲಿ, ಊಟ ಎಲ್ಲಿ ಎಂದಷ್ಟೇ ಹೇಳಿದೆ. ಸುಳ್ಳಿನ ಬಾಗಿಲು ತೆರೆದು ಹೊರಗೆ ಬಂದೆ ಎಂದುಕೊಂಡವನು ಇನ್ನೊಂದು ಕೋಣೆಯಲ್ಲಿ ನಿಂತಿದ್ದೆ. ಈ ಕೋಣೆಯಲ್ಲಿ ಮಾವನವರೂ ನನ್ನ ಜೊತೆಗೆ ಇದ್ದರು. ಅವರು ತೀರಿಕೊಳ್ಳುವವರೆಗೆ, ಇನ್ನೂ ಎಂಟೊಂಬತ್ತು ವರ್ಷ, ಯಾರೇ ಬಂದರೂ “ನಮ್ಮ ಅಳಿಯಾರು, ಬೊಂಬಾಯಿದಾಗ ಓದಿದವರು” ಎಂದೇ ಪರಿಚಯ ಮಾಡಿಸುತ್ತಿದ್ದರು. ಹಾಗೆ ಹೇಳುವಾಗ ನನ್ನ ಕಣ್ಣನ್ನು ನೇರವಾಗಿ ನೋಡುತ್ತಿದ್ದರು. ನಾನು ತಲೆ ಅಲ್ಲಾಡಿಸುತ್ತಿದ್ದೆ. ಗೇಟಿನ ಮುಂದಿನ ಫೋಟೋಕ್ಕೆ ಕಟ್ಟು ಹಾಕಿಸಿ ಅವರ ಮನೆಯ ಪಡಸಾಲೆಯಲ್ಲಿ ತೂಗುಹಾಕಿದ್ದರು. ಹಬ್ಬಕ್ಕೆ ಹೋದಾಗಲೆಲ್ಲ ಅದರ ಕೆಳಗೇ ನನಗೆ ಎಲೆ ಹಾಕುತ್ತಿದ್ದರು.

ಹೆಂಡತಿ ಆಳಂದಕ್ಕೆ ಬಂದ ಮೇಲೆ ನಾಲ್ಕು ದಿನ ಮಾತಾಡಲಿಲ್ಲ. ಐದನೆಯ ದಿನ ಒಲೆಯ ಮುಂದೆ ಕೂತು, ನನ್ನ ಕಡೆ ನೋಡದೆ ಹೇಳಿದಳು: “ನಿಮ್ಮೊಬ್ಬರದೇ ಸುಳ್ಳು ಅಂತ ತಿಳದೀರಿ. ನಾ ಎಷ್ಟು ಮಂದಿ ಮುಂದ ಹೇಳೇನಿ ಗೊತ್ತದೇನು? ನಮ್ಮ ಓಣ್ಯಾಗಿನ ಗೆಳತ್ಯಾರು, ಅಕ್ಕ ತಂಗೇರು. ಈಗ ಅವರಿಗೆಲ್ಲಾ ನಾ ಏನ್ ಹೇಳ್ಲಿ? ನೀವು ಅದರಾಗ ಒಬ್ಬರೇ ಸಿಕ್ಕೊಂಡಿಲ್ಲ. ನನ್ನೂ ಒಳಗ ಹಾಕಿ ಚಿಲಕ ಹಾಕೀರಿ.”

ಅವಳು ರೊಟ್ಟಿ ಬಡಿದಳು. ನಾನು ಅಲ್ಲೇ ಕೂತಿದ್ದೆ. ಆ ದಿನದಿಂದ ನಾವಿಬ್ಬರು ಮಾತಾಡುವ ರೀತಿ ಬದಲಾಯಿತು. ಸಿಹಿಯಾಯಿತೆಂದು ಹೇಳಲಾರೆ. ಸೊಲ್ಲಾಪುರದ ಆ ವರ್ಷಗಳ ಬಗ್ಗೆ ಅವಳು ಒಂದೊಂದೇ ಕೇಳತೊಡಗಿದಳು. ನೂಲಿನ ಬಣ್ಣಗಳು, ಮಾಲೀಕರ ಕೆಮ್ಮು, ರಾತ್ರಿ ಪರೀಕ್ಷೆಗೆ ಓದುತ್ತಿದ್ದ ಮಾಳಿಗೆ. ಕೇಳಿದ್ದಕ್ಕೆಲ್ಲ ಇದ್ದದ್ದು ಇದ್ದಂತೆ ಹೇಳಿದೆ.

ಮರುವರ್ಷ ಬೇಸಿಗೆಯಲ್ಲಿ ನಾವಿಬ್ಬರೇ ರೈಲಿನಲ್ಲಿ ಮುಂಬಯಿಗೆ ಹೋದೆವು. ಬಂದರದ ಗೋಡೆಯ ಉದ್ದಕ್ಕೂ ಬಿಸಿಲಲ್ಲಿ ನಡೆದೆವು. ಎರಡು ಸಲ ಹೋಗಿ ಬಂದೆವು. ಜೋಪಡಿಗಳನ್ನು ಕಿತ್ತುಹಾಕಿದ್ದರು, ಗೋಡೆಗೆ ಹೊಸದಾಗಿ ಸುಣ್ಣ ಬಳಿದಿದ್ದರು. ಅರಳಿಗಿಡ ಸಿಗಲಿಲ್ಲ. ನಳವೂ ಇರಲಿಲ್ಲ. ಒಬ್ಬ ಚಹಾದವನನ್ನು ಕೇಳಿದರೆ, ತಾನು ಇಲ್ಲಿಗೆ ಬಂದು ಆರು ತಿಂಗಳಾಯಿತಷ್ಟೇ ಎಂದ.

ಅಲ್ಲಿಂದ ಬಂದವರೇ ಕೊಳಕೂರಿಗೆ ಹೋದೆವು. ಆಯಿ ಅಂಗಳದಲ್ಲಿ ಕೂತು ತೊಗರಿ ಹಸನು ಮಾಡುತ್ತಿದ್ದಳು. ವ್ಯಾನಿನ ಸುದ್ದಿ ಜೇವರ್ಗಿಗೆ ಮುಟ್ಟಿ, ಮಗ ಕೆಲವು ತಿಂಗಳು ಆಕೆಯ ಜೊತೆ ಮಾತು ಬಿಟ್ಟಿದ್ದನಂತೆ. ಸೊಸೆ ಮಾತ್ರ, ತಾನು ಮದುವೆಯಾದವನು ಎಲ್ಲಿ ಹುಟ್ಟಿದನೆಂಬುದು ತನಗೂ ಗೊತ್ತಿರಬೇಕಿತ್ತು ಎಂದು ಗಂಡನ ಜೊತೆ ಜಗಳ ಮಾಡಿದ್ದಳಂತೆ. ಆಮೇಲೆ ಇಬ್ಬರೂ ಬಂದು ಹೋಗಿದ್ದರು. ಇದನ್ನೆಲ್ಲ ಆಕೆ ತೊಗರಿ ಕೇರುತ್ತಲೇ ಹೇಳಿದಳು.

ಗೋಡೆಯ ಮುಂದೆ ಬಸ್ಸು ನಿಲ್ಲಿಸದಿದ್ದಕ್ಕೆ ನಾನು ಕ್ಷಮೆ ಕೇಳಿದೆ. ಮುಂಬಯಿಗೆ ಹೋಗಿ ಹುಡುಕಿದ್ದನ್ನೂ ಹೇಳಿದೆ. ಆಕೆಯ ಕೈ ನಿಂತಿತು.

“ಸಿಕ್ತೇನು?”

“ಇಲ್ಲ ಆಯಿ. ಗಿಡ ಇಲ್ಲ, ನಳ ಇಲ್ಲ. ಏನೂ ಉಳದಿಲ್ಲ.”

ಆಕೆ ಮೊರವನ್ನು ನೆಲಕ್ಕಿಟ್ಟಳು. ಸ್ವಲ್ಪ ಹೊತ್ತು ಬೀದಿಯ ಕಡೆ ನೋಡಿದಳು. ಆಮೇಲೆ ನಗು ಬಂತು ಆಕೆಗೆ, ಕಣ್ಣಲ್ಲಿ ನೀರೂ ಬಂತು.

“ಬಸ್ ತುಂಬ ಮಂದಿಗಿ ಮೂರು ದಿವಸ ಸುಳ್ಳು ಹೇಳಿದ್ರಿ ಮಾಸ್ತರ್ರೀ. ನನಗೂ ಒಂದು ಸುಳ್ಳು, ಸಿಕ್ತು ಅಂತ ಹೇಳಿದ್ರ ನಿಮ್ಮ ಗಂಟೇನು ಹೋಗ್ತಿತ್ತು?”

ನನ್ನ ಹೆಂಡತಿ ಎದ್ದು ಹೋಗಿ ಆಕೆಯ ಪಕ್ಕ ಕೂತಳು. ಮೊರ ಎತ್ತಿಕೊಂಡು ತೊಗರಿ ಹಸನು ಮಾಡಲು ಶುರುಮಾಡಿದಳು.